ಜಾರಿದರೂ ಮುಗಿಯದ ಆಟ

ಇಪ್ಪತ್ತಾರು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾ ಬಂದಿದ್ದೇನೆ. ಈ ಅವಧಿಯಲ್ಲಿ ಪಠ್ಯಪುಸ್ತಕ ಬದಲಾಯಿತು, ಕಪ್ಪು ಹಲಗೆ ಹಸಿರಾಯಿತು, ನನ್ನ ತಲೆಗೂದಲು ಬೆಳ್ಳಗಾಯಿತು. ಬದಲಾಗದೆ ಉಳಿದದ್ದು ಒಂದೇ: ಪ್ರತಿ ಜೂನ್‌ನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ನಾನು ಮಾಡುತ್ತಿದ್ದ ಭಾಷಣ. "ನೋಡ್ರಪ್ಪಾ, ಇಷ್ಟು ವರ್ಷ ಆಟ ಆಡಿದ್ದಾಯಿತು. ಈ ವರ್ಷ ಹಗ್ಗದ ಮೇಲಿನ ನಡಿಗೆ. ಒಂದು ಸಲ ಕಾಲು ಜಾರಿತೋ, ಮುಗಿಯಿತು. ಮತ್ತೆ ಹತ್ತುವುದಕ್ಕೆ ಹಗ್ಗವೇ ಇರುವುದಿಲ್ಲ!" ಇಷ್ಟು ಹೇಳಿ ಸುಮ್ಮನಾದರೆ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಆ ಮೌನವನ್ನು ನಾನು ನನ್ನ ಬೋಧನೆಯ ಯಶಸ್ಸು ಎಂದೇ ತಿಳಿದುಕೊಂಡಿದ್ದೆ.

2024ರ ಜನವರಿ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಶಾಲೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಯಾವಾಗಲೂ ಅರವತ್ತರ ಆಸುಪಾಸು ತೆಗೆಯುತ್ತಿದ್ದ ಹುಡುಗನೊಬ್ಬ ವಿಜ್ಞಾನದಲ್ಲಿ 80ಕ್ಕೆ 31 ತೆಗೆದ. ಉತ್ತರಪತ್ರಿಕೆ ಕೊಟ್ಟ ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಜ್ವರ ಬಂದಿರಬೇಕು ಅಂದುಕೊಂಡೆ. ಶನಿವಾರ ಅವನ ತಂದೆ ಬಂದರು. ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಮನುಷ್ಯ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು.

"ಮೇಷ್ಟ್ರೇ, ಹುಡುಗ ಸರಿಯಾಗಿ ಊಟ ಮಾಡ್ತಿಲ್ಲ. ಪರೀಕ್ಷೆನೇ ಬರೆಯಲ್ಲ ಅಂತಾನೆ. ಯಾಕೋ ಅಂದ್ರೆ, ಜಾರಿ ಆಯ್ತಲ್ಲ, ಇನ್ನೇನು, ಮುಗೀತು ಅಂತಾನೆ. ಯಾರೋ ಹಂಗಂತ ಹೇಳಿದ್ದು ಅಂತ ಕೇಳಿದ್ರೆ..."

ಅಷ್ಟಕ್ಕೇ ನಿಲ್ಲಿಸಿದರು. ವಾಕ್ಯ ಪೂರ್ತಿ ಮಾಡದ್ದು ಅವರ ಸೌಜನ್ಯ. ನನಗೆ ಮಾತ್ರ ಉಳಿದ ಅರ್ಧ ಸ್ಪಷ್ಟವಾಗಿಯೇ ಕೇಳಿಸಿತು. "ಸೋಮವಾರ ಸಂಜೆ ಮನೆಗೆ ಬರ್ತೀನಿ, ನಾನೇ ಮಾತಾಡ್ತೀನಿ" ಎಂದೆ. ಅಂದೇ ಹೋಗಬಹುದಿತ್ತು. ಆದರೆ ಹೋಗಿ ಏನು ಹೇಳಬೇಕೆಂಬುದು ನನಗೇ ತಿಳಿದಿರಲಿಲ್ಲ.

ಮರುದಿನ ಭಾನುವಾರ, ಜನವರಿ 28. ಮಧ್ಯಾಹ್ನ ಊಟ ಮುಗಿಸಿ ಟಿ.ವಿ. ಮುಂದೆ ಕುಳಿತೆ. ಟೆನಿಸ್ ನನ್ನ ಹಳೆಯ ಚಪಲ. 1985ರಲ್ಲಿ ಹದಿನೇಳು ವರ್ಷದ ಬೋರಿಸ್ ಬೆಕರ್ ವಿಂಬಲ್ಡನ್ ಗೆದ್ದಾಗ ನಾನೂ ಸರಿಸುಮಾರು ಅದೇ ಪ್ರಾಯದವನು. ರ‍್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿದವನಲ್ಲ, ಆದರೂ ಅಂದಿನಿಂದ ಆ ಆಟ ನೋಡುವುದನ್ನು ಬಿಟ್ಟಿಲ್ಲ. ಅಂದು ಆಸ್ಟ್ರೇಲಿಯನ್ ಓಪನ್ ಪುರುಷರ ಫೈನಲ್. ಒಂದು ಕಡೆ ರಷ್ಯಾದ ಡೇನಿಲ್ ಮೆಡ್ವೆಡೇವ್. ಇನ್ನೊಂದು ಕಡೆ ಕೆಂಚು ಕೂದಲಿನ, ಬಿದಿರಿನಂತೆ ಸಪೂರ ಮೈಯ, 22 ವರ್ಷದ ಇಟಲಿಯ ಹುಡುಗ ಯಾನಿಕ್ ಸಿನ್ನರ್. ಅವನಿಗೆ ಅದು ಮೊದಲ ಗ್ರ್ಯಾನ್‌ಸ್ಲಾಮ್ ಫೈನಲ್. ಮೊದಲ ಎರಡು ಸೆಟ್‌ಗಳನ್ನು 3-6, 3-6ರಿಂದ ಕಳೆದುಕೊಂಡ. "ಮುಗೀತು ಬಿಡಿ, ಚಾನೆಲ್ ಬದಲಾಯಿಸಿ" ಎಂದಳು ನನ್ನ ಹೆಂಡತಿ. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅದು ಮುಗಿಯಲಿಲ್ಲ. ಮುಂದಿನ ಮೂರು ಸೆಟ್‌ಗಳನ್ನು 6-4, 6-4, 6-3ರಿಂದ ಗೆದ್ದು ಆ ಹುಡುಗ ಬೆನ್ನ ಮೇಲೆ ಅಂಗಳದಲ್ಲಿ ಉದ್ದಕ್ಕೆ ಮಲಗಿಬಿಟ್ಟ.

ಟ್ರೋಫಿ ಹಿಡಿದು ಮಾತಾಡುವಾಗ ಅವನು ಹೆಚ್ಚೇನೂ ಹೇಳಲಿಲ್ಲ. ತನ್ನ ತಂದೆತಾಯಿಯನ್ನು ನೆನೆದ. ಚಿಕ್ಕಂದಿನಲ್ಲಿ ತಾನು ಬೇರೆ ಆಟಗಳನ್ನೂ ಆಡುತ್ತಿದ್ದಾಗ ಬೇಕಾದದ್ದನ್ನು ಆರಿಸಿಕೊಳ್ಳಲು ಬಿಟ್ಟರು, ಎಂದೂ ಒತ್ತಡ ಹಾಕಲಿಲ್ಲ, ಈ ಸ್ವಾತಂತ್ರ್ಯ ಆದಷ್ಟು ಹೆಚ್ಚು ಮಕ್ಕಳಿಗೆ ಸಿಗಲಿ ಎಂಬರ್ಥದ ಮಾತಾಡಿದ. ಹೊಲಿಗೆ ಅಂಗಡಿಯವರ ಅರ್ಧ ವಾಕ್ಯ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದ ನನಗೆ ಈ ಮಾತು ನೇರವಾಗಿ ತಾಗಿತು. ಯಾರು ಈ ಹುಡುಗ, ಎಲ್ಲಿಂದ ಬಂದ ಎಂದು ಆ ರಾತ್ರಿ ಓದುತ್ತಾ ಕುಳಿತೆ. ಆಮೇಲೆಯೂ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು ರೂಢಿಯಾಯಿತು.

ಇಟಲಿಯ ಉತ್ತರದ ತುದಿಯಲ್ಲಿ, ಆಸ್ಟ್ರಿಯಾದ ಗಡಿಗೆ ತಾಗಿಕೊಂಡು ಸೌತ್ ಟೈರಾಲ್ ಎಂಬ ಗುಡ್ಡಗಾಡು ಸೀಮೆಯಿದೆ. ಮೊದಲ ಮಹಾಯುದ್ಧ ಮುಗಿಯುವವರೆಗೆ ಅದು ಆಸ್ಟ್ರಿಯಾಕ್ಕೆ ಸೇರಿತ್ತು. ಹಾಗಾಗಿ ಅಲ್ಲಿ ಇಂದಿಗೂ ಬಹುಪಾಲು ಜನರ ಮನೆಮಾತು ಜರ್ಮನ್. ಅಲ್ಲಿನ ಸೆಸ್ಟೊ ಎಂಬ ಸಣ್ಣ ಊರಿನಲ್ಲಿ ಸಿನ್ನರ್ ಬೆಳೆದ. ಹುಟ್ಟಿದ್ದು 2001ರ ಆಗಸ್ಟ್ 16ರಂದು, ಪಕ್ಕದ ಸಾನ್ ಕ್ಯಾಂಡಿಡೊದಲ್ಲಿ. ಸುತ್ತಲೂ ಡಾಲಮೈಟ್ ಪರ್ವತಗಳು, ಚಳಿಗಾಲವಿಡೀ ಹಿಮ. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆಂದು ಬರುವ ಪ್ರವಾಸಿಗರಿಗಾಗಿ ಬೆಟ್ಟದಲ್ಲಿ ತಂಗುಮನೆಗಳಿವೆ. ಅಂಥದೊಂದರಲ್ಲಿ ತಂದೆ ಹನ್ಸ್‌ಪೀಟರ್ ಅಡುಗೆಯವರು, ತಾಯಿ ಸಿಗ್ಲಿಂಡೆ ಊಟ ಬಡಿಸುವವರು. ಇಬ್ಬರೂ ದುಡಿದು ತಿನ್ನುವ ಜನ. ಮಗನನ್ನು ವಿಶ್ವವಿಜೇತನನ್ನಾಗಿ ಮಾಡಬೇಕೆಂದು ತೊಟ್ಟಿಲಲ್ಲೇ ಹರಕೆ ಹೊತ್ತವರಲ್ಲ.

ನಮ್ಮ ಕರಾವಳಿಯ ಮಕ್ಕಳು ಈಜು ಕಲಿತಂತೆ ಅಲ್ಲಿನ ಮಕ್ಕಳು ನಡೆಯುವುದರ ಜೊತೆಗೇ ಸ್ಕೀ ಕಲಿಯುತ್ತಾರೆ. ಸಿನ್ನರ್ ಮೂರು ವರ್ಷಕ್ಕೇ ಹಿಮದ ಮೇಲೆ ನಿಂತ. ಏಳು-ಎಂಟು ವರ್ಷ ಪ್ರಾಯದಲ್ಲಿ ತನ್ನ ವಯೋಮಾನದ ರಾಷ್ಟ್ರೀಯ ಚಾಂಪಿಯನ್ ಆದ. ಗೆದ್ದದ್ದು ಜೈಂಟ್ ಸ್ಲಾಲಂ ಎಂಬ ಸ್ಪರ್ಧೆಯನ್ನು. ಕೆಲವು ವರ್ಷಗಳ ಬಳಿಕ ಮತ್ತೊಮ್ಮೆ ರಾಷ್ಟ್ರಮಟ್ಟದಲ್ಲಿ ಎರಡನೆಯವನಾದ. ಟೆನಿಸ್? ಅದು ಅವನ ಪಾಲಿಗೆ ಮೂರನೆಯ ಆಟ. ಮೊದಲನೆಯದು ಸ್ಕೀ, ಎರಡನೆಯದು ಫುಟ್‌ಬಾಲ್. ಏಳನೆಯ ವಯಸ್ಸಿನಲ್ಲಿ ಒಂದು ವರ್ಷ ರ‍್ಯಾಕೆಟ್ಟನ್ನು ಮುಟ್ಟಲೇ ಇಲ್ಲ. ಮತ್ತೆ ಆಡು ಎಂದು ತಂದೆಯೇ ಸ್ವಲ್ಪ ತಳ್ಳಿದರು. ಅಂದರೆ ತಂದೆತಾಯಿ ಏನೂ ಹೇಳದೆ ಕೈಕಟ್ಟಿ ಕೂರುವವರಾಗಿರಲಿಲ್ಲ. ಬಾಗಿಲು ಮುಚ್ಚಿಹೋಗದಂತೆ ನೋಡಿಕೊಂಡರು. ಯಾವ ಬಾಗಿಲಲ್ಲಿ ಹೋಗಬೇಕೆಂಬುದನ್ನು ಮಗನಿಗೆ ಬಿಟ್ಟರು.

ಹದಿಮೂರನೆಯ ವಯಸ್ಸಿನಲ್ಲಿ ಅವನು ಆರಿಸಿಕೊಂಡ. ರಾಷ್ಟ್ರೀಯ ಪದಕ ತಂದುಕೊಟ್ಟ ಸ್ಕೀಯನ್ನು ಬಿಟ್ಟ, ಫುಟ್‌ಬಾಲನ್ನೂ ಬಿಟ್ಟ. ವಾರಕ್ಕೆರಡು ಸಲ ಆಡುತ್ತಿದ್ದ ಟೆನಿಸ್ಸನ್ನು ಹಿಡಿದ. ನಮ್ಮ ಮನೆಗಳಲ್ಲಾದರೆ "ಗಣಿತದಲ್ಲಿ ತೊಂಬತ್ತೈದು ತೆಗೆಯುವವನು ಅದನ್ನು ಬಿಟ್ಟು ಅರವತ್ತು ತೆಗೆಯುವ ವಿಷಯ ತಗೊಳ್ತಾನಂತೆ!" ಎಂದು ನೆಂಟರಿಷ್ಟರೆಲ್ಲ ಸೇರಿ ಪಂಚಾಯಿತಿ ಮಾಡುತ್ತಿದ್ದರು.

ಯಾಕೆ ಹಾಗೆ ಮಾಡಿದ? ಅವನು ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿದ ಕಾರಣವೇ ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದ್ದು.

ಜೈಂಟ್ ಸ್ಲಾಲಂ ಎಂದರೆ ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಹೊರಳುತ್ತಾ ಕೆಳಗಿಳಿಯುವ ಓಟ. ಗಡಿಯಾರ ಸೆಕೆಂಡಿನ ನೂರನೇ ಒಂದು ಭಾಗವನ್ನೂ ಲೆಕ್ಕ ಇಡುತ್ತದೆ. ಒಂದು ತಿರುವಿನಲ್ಲಿ ಅಂಚು ಕಚ್ಚದೆ ಜಾರಿದರೆ ಕಳೆದುಹೋದ ಸಮಯ ಮತ್ತೆ ಸಿಗುವುದಿಲ್ಲ. ಒಂದು ಕಂಬ ತಪ್ಪಿಸಿದರೆ ಸ್ಪರ್ಧೆಯಿಂದಲೇ ಹೊರಗೆ. ಒಂದು ತಪ್ಪು ಮಾಡಿದರೂ ಗೆಲ್ಲಲಾಗದು. ಟೆನಿಸ್‌ನಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ತಪ್ಪು ಮಾಡಿಯೂ ಗೆಲ್ಲಬಹುದು. ತಪ್ಪಿಗೆ ಜಾಗ ಇರುವ ಆಟ, ಎದುರಾಳಿಯನ್ನು ಮುಖಾಮುಖಿ ಎದುರಿಸುವ ಆಟ ತನಗೆ ಬೇಕು ಎಂದು ಹದಿಮೂರರ ಹುಡುಗ ತೀರ್ಮಾನಿಸಿದ.

ಅವನು ಯಾವ ಆಟವನ್ನು ಬಿಟ್ಟು ಬಂದನೋ, ಅದೇ ಆಟದ ನಿಯಮವನ್ನು ನಾನು ಇಪ್ಪತ್ತಾರು ವರ್ಷ ಮಕ್ಕಳ ಓದಿಗೆ ಅನ್ವಯಿಸಿ ಹೆದರಿಸುತ್ತಾ ಬಂದಿದ್ದೆ!

ಟೆನಿಸ್ ಆರಿಸಿಕೊಂಡ ಮೇಲೆ ಊರಲ್ಲಿರುವಂತಿರಲಿಲ್ಲ. ದೇಶದ ಇನ್ನೊಂದು ಮೂಲೆಯಲ್ಲಿ, ಫ್ರಾನ್ಸ್ ಗಡಿಯ ಹತ್ತಿರ, ಸಮುದ್ರದ ದಡದಲ್ಲಿ ಬೋರ್ಡಿಗೆರಾ ಎಂಬ ಊರು. ಅಲ್ಲಿ ರಿಕಾರ್ಡೊ ಪಿಯಾಟಿ ಎಂಬ ಹೆಸರಾಂತ ತರಬೇತುದಾರರ ಅಕಾಡೆಮಿ. ಮಗನೊಬ್ಬನೇ ಅಲ್ಲಿಗೆ ಹೊರಟ. ಅಲ್ಲಿನ ತರಬೇತುದಾರ ಲುಕಾ ಸ್ವೆಟ್ಕೊವಿಚ್ ಅವರ ಮನೆಯಲ್ಲಿ ಅವರ ಕುಟುಂಬದ ಜೊತೆ ಉಳಿದುಕೊಂಡ. ಬೆಟ್ಟದ ಹುಡುಗ ಕಡಲ ತೀರಕ್ಕೆ ಬಂದ, ಜರ್ಮನ್ ಮನೆಮಾತಿನವನು ಇಟಾಲಿಯನ್ ಮಾತಿನ ಊರಿಗೆ ಬಂದ. ಅಪ್ಪ-ಅಮ್ಮನಿಗೆ ಅಂಗಡಿ ಮುಚ್ಚಿದಂತೆ ಕೆಲಸ ಬಿಟ್ಟು ಹಿಂದೆ ಹೋಗುವ ಅನುಕೂಲವಿರಲಿಲ್ಲ. ಅವರು ಅಡುಗೆಮನೆಯಲ್ಲೇ ಉಳಿದರು.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಇದನ್ನು ಓದಿ ನಾಳೆಯೇ ಮಗನನ್ನೋ ಮಗಳನ್ನೋ ಹಾಸ್ಟೆಲಿಗೆ ಅಟ್ಟಬೇಡಿ. ಹದಿಮೂರಕ್ಕೆ ಮನೆಬಿಟ್ಟ ಮಕ್ಕಳೆಲ್ಲ ಸಿನ್ನರ್ ಆಗುವುದಿಲ್ಲ. ಗಮನಿಸಬೇಕಾದ್ದು ಹೊರಟದ್ದನ್ನಲ್ಲ, ಹೊರಡುವ ನಿರ್ಧಾರ ಯಾರದಾಗಿತ್ತು ಎಂಬುದನ್ನು. ಅದು ಮಗನದಾಗಿತ್ತು, ಹೆತ್ತವರು ಅದಕ್ಕೆ ಹೆಗಲು ಕೊಟ್ಟರು.

ಸ್ಕೀ ಬಿಟ್ಟರೂ ಸ್ಕೀ ಕಲಿಸಿದ ಪಾಠ ಅವನ ಮೈಯಿಂದ ಬಿಟ್ಟುಹೋಗಲಿಲ್ಲ ಎನ್ನುವುದು ವಿಜ್ಞಾನದ ಮೇಷ್ಟರಾದ ನನಗೆ ಇಷ್ಟವಾದ ಸಂಗತಿ. ಹಿಮದ ಮೇಲೆ ವೇಗವಾಗಿ ತಿರುಗಬೇಕಾದರೆ ಮೊಣಕಾಲು ಬಾಗಿಸಿ ಗುರುತ್ವ ಕೇಂದ್ರವನ್ನು ಕೆಳಕ್ಕೆ ತರಬೇಕು, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ತಕ್ಷಣ ವರ್ಗಾಯಿಸಬೇಕು. ಟೆನಿಸ್ ಅಂಗಳದಲ್ಲೂ ಚೆಂಡನ್ನು ಅಟ್ಟಿಸಿಕೊಂಡು ಹೋಗಿ, ಹೊಡೆದು, ಮರುಕ್ಷಣ ಎದುರು ದಿಕ್ಕಿಗೆ ತಿರುಗಬೇಕು. ಮಣ್ಣಿನ ಅಂಗಳದಲ್ಲಿ ಜಾರಿಕೊಂಡು ಹೋಗಿ ಚೆಂಡು ಹೊಡೆಯುವವರು ಬಹಳ ಮಂದಿ. ಘರ್ಷಣೆ ಹೆಚ್ಚಿರುವ ಗಟ್ಟಿ ಅಂಗಳದ ಮೇಲೂ ಸಿನ್ನರ್ ಸಲೀಸಾಗಿ ಜಾರುತ್ತಾನೆ. ಬೇಕೆಂದೇ ಜಾರುತ್ತಾನೆ, ಜಾರಿ ನಿಲ್ಲುತ್ತಾನೆ. ಕಲಿತ ವಿದ್ಯೆ ಯಾವುದೂ ವ್ಯರ್ಥವಲ್ಲ ಎಂದು ಹಿರಿಯರು ಹೇಳುತ್ತಿದ್ದುದು ಸುಳ್ಳಲ್ಲ.

ಇನ್ನು ವೃತ್ತಿ ಟೆನಿಸ್‌ನ ಮೆಟ್ಟಿಲುಗಳ ವಿಷಯ. ನಾವು ಟಿ.ವಿ.ಯಲ್ಲಿ ನೋಡುವ ವಿಂಬಲ್ಡನ್ ಮೊದಲಾದವು ಮಹಡಿಯ ಮೇಲಿನವು. ಅದರ ಕೆಳಗೆ ಎಟಿಪಿ ಟೂರ್ನಿಗಳು, ಅದಕ್ಕೂ ಕೆಳಗೆ ಚಾಲೆಂಜರ್ ಟೂರ್ನಿಗಳು, ತೀರಾ ತಳದಲ್ಲಿ ಬೆರಳೆಣಿಕೆಯ ಪ್ರೇಕ್ಷಕರ ಮುಂದೆ, ಪ್ರಯಾಣದ ಖರ್ಚೂ ಗಿಟ್ಟದ ಬಹುಮಾನಕ್ಕೆ ಆಡುವ ಐಟಿಎಫ್ ಟೂರ್ನಿಗಳು. ಬೆಂಗಳೂರಿನ ಕಬ್ಬನ್ ಪಾರ್ಕ್ ಬಳಿಯ ಅಂಗಳದಲ್ಲಿ ನಡೆಯುತ್ತಾ ಬಂದಿರುವ ಬೆಂಗಳೂರು ಓಪನ್ ಚಾಲೆಂಜರ್ ಮೆಟ್ಟಿಲಿನದು. ಆಟಗಾರ ಗಳಿಸಿದ ಅಂಕಗಳು 52 ವಾರ ಮಾತ್ರ ಅವನ ಖಾತೆಯಲ್ಲಿರುತ್ತವೆ, ಆಮೇಲೆ ಬಿದ್ದುಹೋಗುತ್ತವೆ. ಮತ್ತೆ ಗಳಿಸಬೇಕು.

ಮಹಡಿಗೆ ಹೋಗಲು ಹುಡುಗರಿಗೆ ಜೂನಿಯರ್ ಟೂರ್ನಿಗಳೆಂಬ ಇನ್ನೊಂದು ದಾರಿಯಿದೆ. ಅಲ್ಲಿ ಕಪ್ಪುಗಳು ಸಿಗುತ್ತವೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಸಿನ್ನರ್ ಅಲ್ಲಿ ದೊಡ್ಡ ಹೆಸರು ಮಾಡಲೇ ಇಲ್ಲ. ಹದಿನಾರಕ್ಕೆಲ್ಲ ದೊಡ್ಡವರ ಜೊತೆ ಆಡಲು ಇಳಿದ. ತನಗಿಂತ ಹತ್ತು ವರ್ಷ ಹಿರಿಯರ ಕೈಯಲ್ಲಿ ಸೋಲುತ್ತಾ ಕಲಿಯುವ ದಾರಿ ಅದು. ಸಣ್ಣ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬರುವುದಕ್ಕಿಂತ ಕಷ್ಟದ ಲೆಕ್ಕ ಬಿಡಿಸಲು ಹೋಗಿ ತಪ್ಪುವುದು ಮೇಲು ಎಂದಂತೆ.

2019 ಅವನ ಏರುಗಾಲದ ವರ್ಷ. ಆ ವರ್ಷದ ಫೆಬ್ರುವರಿಯಲ್ಲಿ ಬೆರ್ಗಾಮೊ ಚಾಲೆಂಜರ್ ಟೂರ್ನಿಗೆ ಅವನಿಗೆ ವೈಲ್ಡ್ ಕಾರ್ಡ್ ಸಿಕ್ಕಿತು. ಎಂದರೆ, ರ‍್ಯಾಂಕಿಂಗ್ ಸಾಲದಿದ್ದರೂ ಸಂಘಟಕರು ಕೊಡುವ ವಿಶೇಷ ಪ್ರವೇಶ. ಆಗ ಅವನ ಸ್ಥಾನ 546, ವಯಸ್ಸು ಹದಿನೇಳೂವರೆ. ಟೂರ್ನಿಯನ್ನೇ ಗೆದ್ದುಬಿಟ್ಟ. ಏಪ್ರಿಲ್‌ನಲ್ಲಿ ಬುಡಾಪೆಸ್ಟ್‌ನ ಎಟಿಪಿ ಟೂರ್ನಿ. ಅರ್ಹತಾ ಸುತ್ತಿನಲ್ಲಿ ಸೋತ. ಆದರೆ ಮುಖ್ಯ ಸುತ್ತಿನಲ್ಲಿ ಜಾಗವೊಂದು ಖಾಲಿಯಾಯಿತು, ಸೋತವರ ಪೈಕಿ ಇವನಿಗೆ ಕರೆ ಬಂತು. ಟೆನಿಸ್‌ನಲ್ಲಿ ಇಂಥವನನ್ನು ಲಕ್ಕಿ ಲೂಸರ್, ಅಂದರೆ ಅದೃಷ್ಟವಂತ ಸೋತವನು ಎನ್ನುತ್ತಾರೆ. ಎಂಥ ಹೆಸರು ನೋಡಿ! ಹಾಗೆ ಒಳಬಂದ ಸಿನ್ನರ್ ಎಟಿಪಿ ಮಟ್ಟದ ತನ್ನ ಮೊದಲ ಪಂದ್ಯವನ್ನು ಗೆದ್ದ. ಮೇ ತಿಂಗಳಲ್ಲಿ ರೋಮ್‌ನಲ್ಲಿ ಅಮೆರಿಕದ ಸ್ಟೀವ್ ಜಾನ್ಸನ್ ಎದುರು ಮೊದಲ ಸೆಟ್ಟನ್ನು 1-6ರಿಂದ ಕಳೆದುಕೊಂಡು, ಆಮೇಲೆ ಎರಡು ಸೆಟ್ ಗೆದ್ದ. ಆಗಸ್ಟ್ ಕೊನೆಯಲ್ಲಿ ಅಮೆರಿಕನ್ ಓಪನ್‌ಗೆ ಅರ್ಹತೆ ಗಳಿಸಿದ, ಮೊದಲ ಸುತ್ತಿನಲ್ಲೇ ಸ್ಟಾನ್ ವಾವ್ರಿಂಕಾಗೆ ಸೋತು ವಾಪಸಾದ.

ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ 21 ವರ್ಷದೊಳಗಿನವರ ನೆಕ್ಸ್ಟ್ ಜೆನ್ ಫೈನಲ್ಸ್. ಅಲ್ಲಿಗೂ ಅವನಿಗೆ ಸಿಕ್ಕಿದ್ದು ವೈಲ್ಡ್ ಕಾರ್ಡೇ. ಫೈನಲ್‌ನಲ್ಲಿ ಅಗ್ರಶ್ರೇಯಾಂಕದ ಅಲೆಕ್ಸ್ ಡಿ ಮಿನಾರ್‌ನನ್ನು 4-2, 4-1, 4-2ರಿಂದ ಸೋಲಿಸಿದ. ಊರೂರಲ್ಲಿ ಹೆಸರಾಯಿತು. ಮರುವಾರ ಎಲ್ಲಿಗೆ ಹೋದ ಗೊತ್ತೇ? ತನ್ನದೇ ಸೀಮೆಯ ಬೆಟ್ಟದೂರು ಒರ್ಟಿಸೆಯಲ್ಲಿ ನಡೆದ ಸಣ್ಣ ಚಾಲೆಂಜರ್ ಟೂರ್ನಿಗೆ. ಮಹಡಿ ಹತ್ತಿದವನು ಮತ್ತೆ ಮೆಟ್ಟಿಲಿಗೆ ಇಳಿದು ಬಂದು ಅದನ್ನೂ ಗೆದ್ದ. ವರ್ಷದ ಕೊನೆಗೆ ಅವನ ಸ್ಥಾನ 78.

ಆಮೇಲಿನದೂ ನೇರವಾದ ಏರುದಾರಿಯಲ್ಲ. 2020ರಲ್ಲಿ ಫ್ರೆಂಚ್ ಓಪನ್‌ಗೆ ಮೊದಲ ಸಲ ಕಾಲಿಟ್ಟು ಕ್ವಾರ್ಟರ್ ಫೈನಲ್ ತಲುಪಿದ, ಅಲ್ಲಿ ನಡಾಲ್ ಎದುರು ನೇರ ಸೆಟ್‌ಗಳಲ್ಲಿ ಸೋತ. ನವೆಂಬರ್‌ನಲ್ಲಿ ಸೋಫಿಯಾದಲ್ಲಿ ಮೊದಲ ಎಟಿಪಿ ಪ್ರಶಸ್ತಿ. 2021ರ ಕೊನೆಗೆ ಮೊದಲ ಹತ್ತರೊಳಗೆ ಬಂದ. 2022ರ ಫೆಬ್ರುವರಿಯಲ್ಲಿ, ತನ್ನನ್ನು ಬೆಳೆಸಿದ ಪಿಯಾಟಿಯವರಿಂದ ಬೇರೆಯಾಗಿ ಸಿಮೋನೆ ವಾಗ್ನೋಜಿ ಬಳಿ ಸೇರಿ ಆಟವನ್ನು ಹೊಸದಾಗಿ ಕಟ್ಟಲು ಹೊರಟ. ಆ ವರ್ಷ ವಿಂಬಲ್ಡನ್‌ನಲ್ಲಿ ಜೊಕೊವಿಚ್ ವಿರುದ್ಧ ಎರಡು ಸೆಟ್ ಮುಂದಿದ್ದೂ ಸೋತ. ಅಮೆರಿಕನ್ ಓಪನ್‌ನಲ್ಲಿ ಅಲ್ಕರಾಜ್ ವಿರುದ್ಧ ಮ್ಯಾಚ್ ಪಾಯಿಂಟ್ ಕೈಯಲ್ಲಿದ್ದೂ ಸೋತ. ಆ ಪಂದ್ಯ ಮುಗಿದಾಗ ನ್ಯೂಯಾರ್ಕ್‌ನಲ್ಲಿ ನಡುರಾತ್ರಿ 2 ಗಂಟೆ 50 ನಿಮಿಷ. 2023ರ ನವೆಂಬರ್‌ನಲ್ಲಿ ಡೇವಿಸ್ ಕಪ್ ಸೆಮಿಫೈನಲ್‌ನಲ್ಲಿ ಅದೇ ಜೊಕೊವಿಚ್ ಎದುರು ಸಾಲಾಗಿ ಮೂರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದ. ಇಟಲಿ 1976ರ ನಂತರ ಮೊದಲ ಬಾರಿಗೆ ಆ ಕಪ್ ಎತ್ತಿತು. ಎರಡು ತಿಂಗಳ ಬಳಿಕ, ಆ ಭಾನುವಾರ, ನಾನು ನೋಡಿದ ಪಂದ್ಯ.

ಓದಿ ಮುಗಿಸಿದಾಗ ರಾತ್ರಿ ಹನ್ನೊಂದಾಗಿತ್ತು. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಲು ಕುಳಿತೆ. ಹತ್ತನೇ ತರಗತಿಯ ಮಕ್ಕಳಿಗೆ ಸಂಭವನೀಯತೆ ಎಂಬ ಪಾಠವಿದೆಯಲ್ಲ, ಅದೇ. ಒಬ್ಬ ಆಟಗಾರ ನೂರು ಪಾಯಿಂಟ್‌ಗಳಲ್ಲಿ 55 ಗೆಲ್ಲುತ್ತಾನೆ, 45 ಸೋಲುತ್ತಾನೆ ಎಂದಿಟ್ಟುಕೊಳ್ಳಿ. ಸರ್ವ್ ಯಾರದೆಂಬ ವ್ಯತ್ಯಾಸ ಬದಿಗಿರಲಿ. ಅವನು ಒಂದು ಗೇಮ್ ಗೆಲ್ಲುವ ಸಂಭವ ನೂರಕ್ಕೆ 62. ಒಂದು ಸೆಟ್ ಗೆಲ್ಲುವ ಸಂಭವ 81. ಐದು ಸೆಟ್‌ಗಳ ಪಂದ್ಯ ಗೆಲ್ಲುವ ಸಂಭವ 95! ನೂರರಲ್ಲಿ ನಲವತ್ತೈದು ಸಲ ತಪ್ಪಿದವನು ಇಪ್ಪತ್ತು ಪಂದ್ಯಗಳಲ್ಲಿ ಹತ್ತೊಂಬತ್ತನ್ನು ಗೆಲ್ಲಬಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ಹಾಕಿದೆ, ಉತ್ತರ ಅದೇ ಬಂತು. ಅದೇ ವರ್ಷ ಜೂನ್‌ನಲ್ಲಿ ರೋಜರ್ ಫೆಡರರ್ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ತಮ್ಮ ಅಂಕಿಅಂಶವನ್ನು ಹೇಳಿದರು. ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದ ಅವರು, ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರವಂತೆ. ನನ್ನ ಹಾಳೆಯ ಲೆಕ್ಕಕ್ಕೆ ಫೆಡರರ್ ಸಹಿ ಹಾಕಿದಂತಾಯಿತು.

ಸೋಮವಾರ ಸಂಜೆ ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹುಡುಗನ ಮನೆಗೆ ಹೋದೆ. ಅಂಗಡಿಯ ಹಿಂದೆಯೇ ಮನೆ. ತಾಯಿ ಲೋಟ ತುಂಬ ಕಾಫಿ ಕೊಟ್ಟರು. ಹುಡುಗ ಕೋಣೆಯಿಂದ ಬಂದು ಗೋಡೆಗೊರಗಿ ನಿಂತ, ತಲೆ ಎತ್ತಲಿಲ್ಲ. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಜೂನ್‌ನಲ್ಲಿ ನಾನು ಹೇಳಿದ್ದು ತಪ್ಪು ಕಣೋ" ಎಂದೆ.

ಅವನು ತಲೆ ಎತ್ತಿ ನೋಡಿದ. ಇಪ್ಪತ್ತಾರು ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬನ ಮುಂದೆ ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹಾಳೆ ಬಿಡಿಸಿ ಲೆಕ್ಕ ತೋರಿಸಿದೆ. ಸಿನ್ನರ್‌ನ ಕತೆ ಹೇಳಿದೆ. ಅವನ 31 ಅಂಕದ ಉತ್ತರಪತ್ರಿಕೆಯನ್ನು ತರಿಸಿ, ಕಳೆದುಕೊಂಡ 49 ಅಂಕಗಳನ್ನು ಇಬ್ಬರೂ ಸೇರಿ ವಿಂಗಡಿಸಿದೆವು. ಹದಿನಾಲ್ಕು ಅಂಕ ಚಿತ್ರ ಬರೆಯದೆ ಅಥವಾ ಭಾಗ ಗುರುತಿಸದೆ ಹೋದದ್ದು. ಹನ್ನೊಂದು ಅಂಕ ಸಮಯ ಸಾಲದೆ ಮುಟ್ಟದೇ ಬಿಟ್ಟದ್ದು. ನಿಜವಾಗಿ ಗೊತ್ತಿಲ್ಲದೆ ತಪ್ಪಿದ್ದು ಉಳಿದದ್ದು ಮಾತ್ರ. ಮಂಗಳವಾರ ಅವನು ಶಾಲೆಗೆ ಬಂದ. ಹುಡುಗ ರಾಜ್ಯಕ್ಕೇ ಮೊದಲಿಗನಾದ ಎಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು, ಆದರೆ ಅದು ಸುಳ್ಳಾಗುತ್ತದೆ. ಶೇ 63 ತೆಗೆದು ಪಾಸಾದ, ಡಿಪ್ಲೊಮಾ ಸೇರಿದ. ಒಂದು ಪಕ್ಷ ಅಂದು ಫೇಲಾಗಿದ್ದರೂ ಮುಗಿಯುತ್ತಿರಲಿಲ್ಲ. 2024ರಿಂದಲೇ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿತ್ತು. ಹಗ್ಗವೇ ಇರುವುದಿಲ್ಲ ಎಂಬ ನನ್ನ ಮಾತು ಅಕ್ಷರಶಃ ಸುಳ್ಳಾಗಿತ್ತು.

ಸಿನ್ನರ್ 2024ರ ಜೂನ್ 10ರಂದು ವಿಶ್ವದ ಒಂದನೇ ಸ್ಥಾನಕ್ಕೇರಿದ, ಇಟಲಿಯಿಂದ ಅಲ್ಲಿಗೇರಿದ ಮೊದಲಿಗ. ಹಿಂದೆಯೇ ಕಳಂಕವೊಂದೂ ಬಂತು. ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಆ ಮಾರ್ಚ್‌ನಲ್ಲಿ ನಡೆದ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಕ್ಲೊಸ್ಟೆಬೊಲ್ ಎಂಬ ನಿಷೇಧಿತ ವಸ್ತುವಿನ ಅತ್ಯಲ್ಪ ಅಂಶ ಪತ್ತೆಯಾಗಿತ್ತು. ಮೈ ತಿಕ್ಕುವ ಫಿಸಿಯೊ ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡಿದ್ದ ಔಷಧದಿಂದ ಅದು ಸೇರಿತೆಂಬ ವಿವರಣೆಯನ್ನು ಸ್ವತಂತ್ರ ನ್ಯಾಯಮಂಡಳಿ ಒಪ್ಪಿತು. ಆದರೂ ತನ್ನ ತಂಡದವರ ತಪ್ಪಿಗೆ ಆಟಗಾರನೇ ಹೊಣೆ ಎಂಬ ನಿಯಮದಂತೆ 2025ರ ಫೆಬ್ರುವರಿಯಿಂದ ಮೇವರೆಗೆ ಮೂರು ತಿಂಗಳ ನಿಷೇಧವನ್ನು ಅವನು ಒಪ್ಪಿಕೊಂಡ.

ನಿಷೇಧ ಮುಗಿಸಿ ಬಂದು ಫ್ರೆಂಚ್ ಓಪನ್ ಫೈನಲ್ ತಲುಪಿದ. 2025ರ ಜೂನ್ 8, ಭಾನುವಾರ. ಎದುರಿಗೆ ಅಲ್ಕರಾಜ್. ನಾಲ್ಕನೇ ಸೆಟ್‌ನಲ್ಲಿ ಸಿನ್ನರ್‌ಗೆ ಒಟ್ಟಿಗೆ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಸಿಕ್ಕವು. ಮೂರೂ ಕೈಜಾರಿದವು. 5 ಗಂಟೆ 29 ನಿಮಿಷ ನಡೆದ ಪಂದ್ಯದಲ್ಲಿ ಕೊನೆಗೆ ಸೋತ. ನಮ್ಮಲ್ಲಿ ಆಗ ನಡುರಾತ್ರಿ. ಬೆಳಿಗ್ಗೆ ಎದ್ದು ನೋಡಿದರೆ ಡಿಪ್ಲೊಮಾ ಹುಡುಗನ ಸಂದೇಶ ಬಂದಿತ್ತು. "ಸಾರ್, ಸಿನ್ನರ್ ಗೆದ್ದ ಪಾಯಿಂಟ್ 193. ಅಲ್ಕರಾಜ್ 192. ಜಾಸ್ತಿ ಗೆದ್ದವನೇ ಸೋತ. ನಿಮ್ಮ ಲೆಕ್ಕ ತಪ್ಪಲ್ವಾ?"

ಮೇಷ್ಟರಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಬೇರೆ ಇಲ್ಲ. ಲೆಕ್ಕ ತಪ್ಪಲ್ಲ ಎಂದು ತಕ್ಷಣ ಉತ್ತರಿಸಬಹುದಿತ್ತು. ಸಂಭವನೀಯತೆ ಎಂದರೆ ಖಾತರಿಯಲ್ಲ. ಇಪ್ಪತ್ತರಲ್ಲಿ ಹತ್ತೊಂಬತ್ತು ಗೆಲ್ಲುವವನಿಗೂ ಆ ಇಪ್ಪತ್ತನೆಯದು ಇದ್ದೇ ಇದೆ. ಇಬ್ಬರ ನಡುವೆ ಒಂದೇ ಪಾಯಿಂಟ್ ಅಂತರ ಇದ್ದಾಗಲಂತೂ ಯಾವ ಪಾಯಿಂಟ್ ಯಾವಾಗ ಬಂತು ಎಂಬುದೇ ಎಲ್ಲ. ಆದರೆ ಹುಡುಗ ಕೇಳಿದ್ದು ಅದಲ್ಲ ಅನ್ನಿಸಿತು. ಎದುರಾಳಿಗಿಂತ ಹೆಚ್ಚು ಸರಿ ಮಾಡಿಯೂ ಸೋಲಬಹುದಾದರೆ ಆಮೇಲೇನು ಎಂಬುದು ಅವನ ಪ್ರಶ್ನೆ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ಸ್ವಲ್ಪ ದಿನ ಕಾಯೋಣ" ಎಂದಷ್ಟೇ ಬರೆದೆ.

ಐದು ವಾರ ಕಾದೆವು. ಜುಲೈ 13ರಂದು ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಅಲ್ಕರಾಜ್ ಎದುರು ಸಿನ್ನರ್ ಮೊದಲ ಸೆಟ್ಟನ್ನು 4-6ರಿಂದ ಸೋತ, ಆಮೇಲೆ ಮೂರು ಸೆಟ್‌ಗಳನ್ನು 6-4, 6-4, 6-4ರಿಂದ ಗೆದ್ದ. ಹುಡುಗನಿಗೆ ನಾನು ಏನೂ ಬರೆಯಲಿಲ್ಲ. ಅವನೇ ಬರೆದ: "ನೋಡಿದೆ ಸಾರ್."

ಈಗಲೂ ಜೂನ್‌ನಲ್ಲಿ ಹತ್ತನೇ ತರಗತಿಗೆ ಹೋಗುತ್ತೇನೆ. ಹಗ್ಗದ ಮಾತು ಬಿಟ್ಟಿದ್ದೇನೆ. ಹಲಗೆಯ ಮೇಲೆ 55, 62, 81, 95 ಎಂದು ನಾಲ್ಕು ಅಂಕಿ ಬರೆದು, ಇವುಗಳ ನಡುವಿನ ಸಂಬಂಧವೇನು ಹೇಳಿ ಎನ್ನುತ್ತೇನೆ. ತರಗತಿಯಲ್ಲಿ ಈಗ ಮೊದಲಿನ ಮೌನವಿಲ್ಲ. ಗಲಾಟೆಯೋ ಗಲಾಟೆ. ಒಬ್ಬೊಬ್ಬರೂ ಒಂದೊಂದು ಉತ್ತರ ಕೂಗುತ್ತಾರೆ. ಬಹುಪಾಲು ತಪ್ಪು ಉತ್ತರಗಳೇ. ನಾನು ಅವನ್ನೆಲ್ಲ ಒಂದೊಂದಾಗಿ ಹಲಗೆಯ ಮೇಲೆ ಬರೆಯುತ್ತಾ ಹೋಗುತ್ತೇನೆ.